ಮಸೂರ ಗೆಲಾಕ್ಸಿಯ ಮರೆಯ ಬೆಳಕು

ಕೆಂಗೇರಿಯನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಬ್ಯಾಲಾಳು ಎಂಬ ಹಳ್ಳಿ ಸಿಗುತ್ತದೆ. ಆಕಾಶಕ್ಕೆ ಮುಖ ಮಾಡಿ ನಿಂತ ಅಲ್ಲಿನ 32 ಮೀಟರ್ ಅಗಲದ ಆಂಟೆನಾವನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅದೇ ಆವರಣದಲ್ಲಿ ಅಂತರಿಕ್ಷ ವಿಜ್ಞಾನದ ದತ್ತಾಂಶ ಕೇಂದ್ರವೂ ಉಂಟು. ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹ ಕಳುಹಿಸಿದ ಆಕಾಶದ ಚಿತ್ರಗಳು ಅಲ್ಲಿ ಸಂಗ್ರಹವಾಗಿವೆ. ಎನ್‌ಜಿಸಿ 1533 ಎಂಬ ಗೆಲಾಕ್ಸಿಯ ಚಿತ್ರ ಅವುಗಳಲ್ಲೊಂದು.

ಗೆಲಾಕ್ಸಿಯೆಂದರೆ ಕೋಟ್ಯನುಕೋಟಿ ನಕ್ಷತ್ರಗಳ ಸಂಸಾರ. ನಮ್ಮ ಸೂರ್ಯನಿರುವ ಆಕಾಶಗಂಗೆಗೆ ಸುರುಳಿ ತೋಳುಗಳಿವೆ. ಬೇರೆ ಕೆಲವಕ್ಕೆ ತಟ್ಟೆಯಂಥ ಆಕಾರವುಂಟು, ತೋಳುಗಳಿಲ್ಲ. ಪಕ್ಕದಿಂದ ನೋಡಿದರೆ ಅಡಿಗೆಮನೆಯ ಚನ್ನಂಗಿ ಕಾಳಿನಂತೆ ಅವುಗಳ ನಡು ಉಬ್ಬಿ, ಅಂಚು ತೆಳುವಾಗಿರುತ್ತದೆ. ಇವೇ ಮಸೂರ ಗೆಲಾಕ್ಸಿಗಳು. 1936ರಲ್ಲಿ ಎಡ್ವಿನ್ ಹಬಲ್ ಅವರು ಸುರುಳಿ ಗೆಲಾಕ್ಸಿಗಳಿಗೂ ಅಂಡಾಕಾರದವುಗಳಿಗೂ ನಡುವೆ ಇವಕ್ಕೊಂದು ಸ್ಥಾನ ಕಲ್ಪಿಸಿದರು. ಹೊಸ ನಕ್ಷತ್ರ ಹುಟ್ಟಲು ತಣ್ಣನೆಯ ಅನಿಲ ಬೇಕು. ಇವುಗಳಲ್ಲಿ ಸಾಮಾನ್ಯವಾಗಿ ಅದು ಬಹಳ ಕಡಿಮೆ. ಆದ್ದರಿಂದ ಇವು ಮುದಿ ನಕ್ಷತ್ರಗಳ ಊರುಗಳೆಂದೇ ಬಹುಕಾಲ ಎಣಿಕೆಯಾಗಿತ್ತು.

ಎನ್‌ಜಿಸಿ 1533ನ್ನು ಮೊದಲು ಕಂಡವರು ಜಾನ್ ಹರ್ಷೆಲ್. 1834ರಲ್ಲಿ, ದಕ್ಷಿಣ ಆಫ್ರಿಕದ ಕೇಪ್‌ನಿಂದ. ಅದರ ದೂರ ಸುಮಾರು 5 ಕೋಟಿ 80 ಲಕ್ಷ ಜ್ಯೋತಿರ್ವರ್ಷ. ಹರ್ಷೆಲರ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ಭೂಮಿಯ ಮೇಲೆ ಮನುಷ್ಯನೇ ಇರಲಿಲ್ಲ!

ಮೀಡಿಯಂ ವೇವ್‌ನಲ್ಲಿ ಸಿಗದ ನಿಲಯ ಶಾರ್ಟ್ ವೇವ್‌ನಲ್ಲಿ ಸಿಗುವುದುಂಟಲ್ಲವೆ? ಬೆಳಕಿನ ವಿಷಯವೂ ಹಾಗೆಯೇ. ಎಳೆಯ ನಕ್ಷತ್ರಗಳಲ್ಲಿ ದೊಡ್ಡವು ಬಹಳ ಬಿಸಿ. ಅವು ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಧಾರಾಳವಾಗಿ ಸೂಸುತ್ತವೆ. ಆ ಕಿರಣಗಳಲ್ಲಿ ಬಹುಪಾಲನ್ನು ವಾಯುಮಂಡಲ ತಡೆಯುವುದರಿಂದ ದೂರದರ್ಶಕವೇ ಮೇಲಕ್ಕೆ ಹೋಗಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದ ಅಂಥ ಜೋಡಿ ದೂರದರ್ಶಕ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್‌ನೊಡನೆ ಗಗನಕ್ಕೇರಿತು. ಅದರ ಒಂದೊಂದು ಕನ್ನಡಿಯ ಅಗಲ 375 ಮಿಲಿಮೀಟರ್, ಒಂದು ಮೊಳಕ್ಕಿಂತಲೂ ಕಡಿಮೆ.

ಎನ್‌ಜಿಸಿ 1533ರಲ್ಲಿ ನೇರಳಾತೀತ ಬೆಳಕಿದೆಯೆಂದು ಅಮೆರಿಕದ ಗೇಲೆಕ್ಸ್ ಉಪಗ್ರಹ ಮೊದಲೇ ತೋರಿಸಿತ್ತು. ಭಾರತದ ದೂರದರ್ಶಕ ಅದನ್ನು ಇನ್ನೂ ಸ್ಫುಟವಾಗಿ ಕಂಡಿತು. ಇಟಲಿಯ ರೊಬೆರ್ಟೊ ರಂಪಾಜೊ ಮತ್ತು ಸಂಗಡಿಗರು ಆ ಚಿತ್ರಗಳನ್ನು ಪರಿಶೀಲಿಸಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮುಪ್ಪಿನ ಊರೆಂದು ತೋರುವ ಈ ಗೆಲಾಕ್ಸಿಯಲ್ಲಿ ಅಲ್ಲಲ್ಲಿ ಎಳೆಯ ನಕ್ಷತ್ರಗಳ ಗುಂಪುಗಳು ಬೆಳಗುತ್ತಿದ್ದವು. ಅದರ ಹೊರವಲಯವನ್ನು ಬಳಸಿ ನೆರೆಯ ಎರಡು ಪುಟ್ಟ ಗೆಲಾಕ್ಸಿಗಳವರೆಗೆ ಹಬ್ಬಿದ ಜಲಜನಕದ ಜಾಡಿನಲ್ಲಿಯೂ ಕ್ಷೀಣವಾದ ನೇರಳಾತೀತ ಪ್ರಭೆಯಿತ್ತು. ಅನಿಲವಿರುವಲ್ಲಿ ನಕ್ಷತ್ರಗಳ ಜನನ ಪೂರ್ತಿಯಾಗಿ ನಿಂತಿಲ್ಲವೆಂಬುದಕ್ಕೆ ಇವು ಗುರುತುಗಳು.

ಗೆಲಾಕ್ಸಿ ಎಲ್ಲಿದೆಯೆಂದು 1834ರಲ್ಲಿ ತಿಳಿಯಿತು. ಅದರೊಳಗೆ ಏನು ನಡೆದಿದೆಯೆಂದು ಇಷ್ಟು ಸ್ಫುಟವಾಗಿ ತಿಳಿಯಲು ಇನ್ನೂ 187 ವರ್ಷ ಬೇಕಾಯಿತು. ಶೋಧನೆಯೆಂಬುದು ಒಬ್ಬರು ಒಂದೇ ರಾತ್ರಿಯಲ್ಲಿ ಮಾಡಿ ಮುಗಿಸುವ ಕೆಲಸವಲ್ಲ.