ಫಿರಂಗಿ ಎಳೆದ ಕಂಬಳಿಹುಳು

ನಿಮಗಿದು ಗೊತ್ತೆ? ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಭಾರಿ ಹೊವಿಟ್ಜರ್ ಫಿರಂಗಿಗಳನ್ನು ಕೆಸರಿನಲ್ಲಿ ಎಳೆದದ್ದು ಹೊಲದ ಕೆಲಸಕ್ಕೆಂದು ಹುಟ್ಟಿದ ಟ್ರ್ಯಾಕ್ಟರ್! ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಸುತ್ತಿನ ಜವುಗು ಮಣ್ಣಿನಲ್ಲಿ ಉಗಿ ಟ್ರ್ಯಾಕ್ಟರುಗಳ ಚಕ್ರ ಹೂತುಹೋಗುತ್ತಿತ್ತು. ಎಷ್ಟು ಅಗಲ ಮಾಡಿದರೂ ಅಷ್ಟೇ. 1904ರಲ್ಲಿ ಅಲ್ಲಿನ ಟ್ರ್ಯಾಕ್ಟರ್ ತಯಾರಕ ಬೆಂಜಮಿನ್ ಹೋಲ್ಟ್ ಹಿಂದಿನ ಚಕ್ರಗಳನ್ನೇ ಕಿತ್ತು, ಸರಪಳಿಗೆ ಮರದ ಹಲಗೆ ಜೋಡಿಸಿದ ಪಟ್ಟಿ ತೊಡಿಸಿದ. ಅದು ತೆವಳುವುದನ್ನು ಕಂಡ ಫೋಟೊಗ್ರಾಫರ್ ಒಬ್ಬ ಕಂಬಳಿಹುಳುವಿಗೆ ಹೋಲಿಸಿದನಂತೆ. ‘ಕ್ಯಾಟರ್‌ಪಿಲ್ಲರ್’ ಎಂಬ ಹೆಸರು ಅಂಟಿಕೊಂಡಿತು.

ರಣರಂಗಕ್ಕೆ ಹೋದದ್ದು 75 ಅಶ್ವಶಕ್ತಿಯ ಹೋಲ್ಟ್ ಟ್ರ್ಯಾಕ್ಟರ್. ಮುಂದೆ ಒಂಟಿ ಚಕ್ರ, ಮೇಲೊಂದು ಚಾವಣಿ, ನಡಿಗೆಯೋ, ಎತ್ತಿನಗಾಡಿಯದೇ! ಆದರೆ ಕುದುರೆಗಳು ಸೋತಲ್ಲಿ ಇದು ಸೋಲಲಿಲ್ಲ. ಬ್ರಿಟಿಷ್ ಅಧಿಕಾರಿ ಅರ್ನೆಸ್ಟ್ ಸ್ವಿಂಟನ್‌ಗೆ ಟ್ಯಾಂಕಿನ ಯೋಚನೆ ಹೊಳೆಯಲೂ ಇದೇ ಪ್ರೇರಣೆ. 1918ರಲ್ಲಿ ಆತ ಸ್ಟಾಕ್‌ಟನ್‌ಗೇ ಹೋಗಿ ಹೋಲ್ಟ್‌ಗೆ ಧನ್ಯವಾದ ಹೇಳಿಬಂದ.