ಹೃದಯದ ಸೋಲು, ಕಿಡ್ನಿಯ ಪಾಡು

ಎರಡೂ ಕಿಡ್ನಿಗಳನ್ನು ಒಟ್ಟಿಗೆ ತೂಗಿದರೂ 300 ಗ್ರಾಂ ಆಸುಪಾಸು. ಆದರೆ ಹೃದಯ ನಿಮಿಷಕ್ಕೆ ಪಂಪ್ ಮಾಡುವ ಸುಮಾರು 5 ಲೀಟರ್ ರಕ್ತದಲ್ಲಿ ಐದನೇ ಒಂದು ಪಾಲು ಇವಕ್ಕೇ ಸಲ್ಲಬೇಕು. ಹೃದಯ ಬಳಲಿದರೆ ಕಿಡ್ನಿಗೆ ಬಿಸಿ ತಟ್ಟದೆ ಇದ್ದೀತೆ? ಇದರ ತಿರುವುಮುರುವೂ ನಿಜ. ಕಿಡ್ನಿ ಕೆಟ್ಟು ಸತ್ತವರ ಹೃದಯ ದಪ್ಪಗಾಗಿರುವುದನ್ನು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ 1836ರಲ್ಲೇ ಬರೆದಿಟ್ಟಿದ್ದ.

ಹೃದಯದ ಬಲ ಕುಗ್ಗಿದಾಗ ಕಿಡ್ನಿಗೆ ರಕ್ತ ಸಾಲದೆ ಹೋಗುತ್ತದೆ ಎಂಬುದು ಬಹುಕಾಲದ ವಿವರಣೆ. ಅದು ಅರ್ಧ ಸತ್ಯ. ಹೃದಯ ಎಳೆದುಕೊಳ್ಳಲಾರದ ರಕ್ತ ಅಭಿಧಮನಿಗಳಲ್ಲಿ ಹಿಂದಕ್ಕೆ ಒತ್ತುತ್ತದೆ, ಮೋರಿ ಕಟ್ಟಿದಾಗ ಬಚ್ಚಲಲ್ಲಿ ನೀರು ನಿಂತ ಹಾಗೆ. ಕಾಲು ಬಾವು ಬರುವುದು ಇದರಿಂದಲೇ. ಕಿಡ್ನಿಯ ಒಳಗೂ ಅದೇ ಒತ್ತಡ. ಸೋಸುವ ಕೆಲಸ ಕುಂಟುತ್ತದೆ. ಕಿಡ್ನಿಯೋ, ಮೈಯಲ್ಲಿ ನೀರೇ ಕಡಿಮೆಯಾಗಿದೆಯೆಂದು ಭ್ರಮಿಸಿ ರೆನಿನ್ ಸ್ರವಿಸುತ್ತದೆ. ಅದರ ಬೆನ್ನಿಗೆ ಬರುವ ಹಾರ್ಮೋನುಗಳು ಉಪ್ಪನ್ನು ಹಿಡಿದಿಡುತ್ತವೆ. ಉಪ್ಪು ನಿಂತಲ್ಲಿ ನೀರೂ ನಿಲ್ಲುತ್ತದೆ. ಸೋತ ಹೃದಯಕ್ಕೆ ಇನ್ನಷ್ಟು ಹೊರೆ.

ಕಿಡ್ನಿಗೇ ಮೊದಲು ಹಾನಿಯಾದರೆ? ವಿಪರೀತ ವಾಂತಿಭೇದಿ, ಸೋಂಕು, ಕೊಳಕುಮಂಡಲದ ಕಡಿತ, ಇವೆಲ್ಲ ಕೆಲವೇ ದಿನಗಳಲ್ಲಿ ಕಿಡ್ನಿಯ ಕೆಲಸ ನಿಲ್ಲಿಸಬಲ್ಲವು. ಆಗ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಏರಿದ ಪೊಟ್ಯಾಸಿಯಂ ಹೃದಯದ ಲಯವನ್ನೇ ಕೆಡಿಸುತ್ತದೆ. ಇಟಲಿಯ ಕ್ಲಾಡಿಯೊ ರೊಂಕೊ ಮತ್ತು ಸಂಗಡಿಗರು 2008ರಲ್ಲಿ ಈ ನಂಟನ್ನು ಐದು ಬಗೆಯಾಗಿ ವಿಂಗಡಿಸಿದರು. ವಾರ್ಡಿನಲ್ಲಿ ಮಾತ್ರ ಯಾವುದು ಮೊದಲು ಕೆಟ್ಟಿತೆಂದು ಹೇಳುವುದೇ ಎಷ್ಟೋ ಸಲ ಕಷ್ಟ.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಲ್ಯಾಬ್ ರಿಪೋರ್ಟಿನ ಭಯ. ಎನಲಾಪ್ರಿಲ್, ರಾಮಿಪ್ರಿಲ್‌ನಂಥ ಹೃದಯದ ಮಾತ್ರೆ ಶುರುಮಾಡಿದಾಗ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಕೊಂಚ ಏರುವುದುಂಟು. ಶೇ 30ರೊಳಗಿನ ಏರಿಕೆಗೆ ವೈದ್ಯರು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ದಪ್ಪಕ್ಷರದಲ್ಲಿ ಅಚ್ಚಾದ ಆ ಅಂಕಿ ಕಂಡದ್ದೇ ‘ಮಾತ್ರೆ ಕಿಡ್ನಿ ತಿಂತು’ ಎಂದು ತಾವೇ ಬಿಟ್ಟುಬಿಡುವವರಿದ್ದಾರೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ನುಂಗಲು ಮಾತ್ರ ಅವರಿಗೆ ಅಳುಕಿಲ್ಲ. ಕಿಡ್ನಿಗೂ ಹೃದಯಕ್ಕೂ ಏಕಕಾಲಕ್ಕೆ ಕೆಡುಕು ಮಾಡಬಲ್ಲ ಮಾತ್ರೆ ಅದು! ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್‌ನದು ತದ್ವಿರುದ್ಧ ಕಥೆ. 2019ರ ಪ್ರಯೋಗದಲ್ಲಿ ಹೃದಯ ವೈಫಲ್ಯಕ್ಕೆ, 2020ರದರಲ್ಲಿ ಕಿಡ್ನಿ ರೋಗಕ್ಕೆ ಅದು ಫಲ ಕೊಟ್ಟಿತು, ಸಕ್ಕರೆ ಕಾಯಿಲೆ ಇಲ್ಲದವರಲ್ಲೂ.

ಹೃದಯ ವೈಫಲ್ಯ ಇರುವವರು ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ತೂಕ ನೋಡಿಕೊಳ್ಳಿ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದುಕೊಂಡು ಕೂಡಲೇ ವೈದ್ಯರಿಗೆ ತಿಳಿಸಿ. ಕ್ರಿಯಾಟಿನಿನ್ ಏರಿರುವಾಗ ಎಳನೀರನ್ನಾಗಲಿ, ‘ಕಡಿಮೆ ಸೋಡಿಯಂ’ ಉಪ್ಪನ್ನಾಗಲಿ ಅವರನ್ನು ಕೇಳದೆ ಮುಟ್ಟಬೇಡಿ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು.