ಜ್ಯೋತಿ ಹೊತ್ತಿಸಿದ ಕೈಗೆ ಪಂಜು ಸಿಕ್ಕಿದ್ದು ಯಾವಾಗ?

ಒಲಿಂಪಿಕ್ ಕ್ರೀಡೆಗಳು ಹತ್ತಿರ ಬಂದವೆಂದರೆ ಪತ್ರಿಕೆಗಳಲ್ಲಿ ತಪ್ಪದೆ ಒಂದು ಚಿತ್ರ ಬರುತ್ತದೆ. ಮುರಿದು ಬಿದ್ದ ಕಲ್ಲುಕಂಬಗಳ ನಡುವೆ, ನೆರಿಗೆ ನೆರಿಗೆಯಾಗಿ ಇಳಿಬಿದ್ದ ಉಡುಪು ತೊಟ್ಟ ಹೆಂಗಸೊಬ್ಬಳು ಪಂಜು ಹೊತ್ತಿಸುತ್ತಿರುತ್ತಾಳೆ. ‘ಚೆನ್ನಾಗಿದೆ’ ಅಂದುಕೊಂಡು ನಾವು ಪುಟ ತಿರುಗಿಸಿಬಿಡುತ್ತೇವೆ. ಆದರೆ ಆ ಚಿತ್ರದ ಹಿಂದೆ ಹೆಂಗಸರು ತಿಳಿದುಕೊಳ್ಳಲೇಬೇಕಾದ ಒಂದು ಕಥೆ ಇದೆ.

ಬಿಸಿಲಿನಿಂದ ಬೆಂಕಿ

ಆ ಜಾಗ ಗ್ರೀಸ್ ದೇಶದ ಒಲಿಂಪಿಯಾ. ಕಂಬಗಳು ಹೇರಾ ದೇವಿಯ ಗುಡಿಯವು. ಹೇರಾ ಎಂದರೆ ಗ್ರೀಕರ ದೇವರಾಜ ಜೀಯಸ್‌ನ ಪಟ್ಟದರಾಣಿ, ಮದುವೆಯ ಅಧಿದೇವತೆ. ಅರ್ಚಕಿಯ ವೇಷ ಧರಿಸಿದ ನಟಿಯೊಬ್ಬಳು ಬಟ್ಟಲಿನಂತೆ ತಗ್ಗಾದ ಕನ್ನಡಿಯ ಮಧ್ಯಕ್ಕೆ ಪಂಜಿನ ತುದಿ ಹಿಡಿಯುತ್ತಾಳೆ. ಸೂರ್ಯನ ಕಿರಣಗಳೆಲ್ಲ ಒಂದೇ ಬಿಂದುವಿನಲ್ಲಿ ಸೇರಿ, ಪಂಜು ಭಗ್ಗನೆ ಹೊತ್ತಿಕೊಳ್ಳುತ್ತದೆ. ಬೆಂಕಿಕಡ್ಡಿ ಗೀರುವ ಹಾಗಿಲ್ಲ.

ಮೋಡ ಕವಿದರೆ? ಅದಕ್ಕೂ ಉಪಾಯವುಂಟು. ಮುಂಚಿನ ದಿನಗಳ ಅಭ್ಯಾಸದಲ್ಲಿ ಬಿಸಿಲಿನಿಂದಲೇ ಹೊತ್ತಿಸಿದ ಜ್ಯೋತಿಯನ್ನು ಕಾಪಾಡಿ ಇಟ್ಟಿರುತ್ತಾರೆ. 2024ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಕ್ರೀಡೆಗಳಿಗೆ ಜ್ಯೋತಿ ಹೊತ್ತಿಸುವ ದಿನ ಸೂರ್ಯ ಕಾಣದೆ, ಹಾಗೆ ಇಟ್ಟ ಜ್ಯೋತಿಯಿಂದಲೇ ಕೆಲಸ ಮಾಡಬೇಕಾಯಿತು. 1976ರಲ್ಲಿ ಮಾಂಟ್ರಿಯಲ್ ಕ್ರೀಡಾಂಗಣದ ಜ್ಯೋತಿ ಮಳೆಗೆ ಆರಿಹೋದಾಗ, ಕೆಲಸಗಾರನೊಬ್ಬ ಸಿಗರೇಟು ಲೈಟರಿನಿಂದ ಹಚ್ಚಿಬಿಟ್ಟನಂತೆ! ಮೇಲಿನವರಿಗೆ ಗೊತ್ತಾಗಿ ಅದನ್ನು ಆರಿಸಿ, ಕಾದಿಟ್ಟ ಮೂಲ ಜ್ಯೋತಿಯಿಂದ ಮತ್ತೆ ಹೊತ್ತಿಸಿದರು. ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಬೆಳಗಿಗೆ ಉಳಿಸಿಕೊಳ್ಳುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಜಾಗ್ರತೆ ಹೇಳಿಕೊಡಬೇಕಾಗಿರಲಿಲ್ಲ.

ಹಳೆಯದರಂತೆ ಕಾಣುವ ಹೊಸ ಪದ್ಧತಿ

ಇಷ್ಟೆಲ್ಲ ನೋಡಿದರೆ ಇದು ಸಾವಿರಾರು ವರ್ಷಗಳ ಸಂಪ್ರದಾಯ ಅನ್ನಿಸುತ್ತದೆ, ಅಲ್ಲವೇ? ಅಲ್ಲ. ಪ್ರಾಚೀನ ಅಥೆನ್ಸಿನಲ್ಲಿ ಪಂಜಿನ ಓಟದ ಸ್ಪರ್ಧೆ ಇತ್ತು, ನಿಜ. ಉರಿಯುವ ಪಂಜನ್ನು ಆರದಂತೆ ಮೊದಲು ತಲುಪಿಸಿದವರಿಗೆ ಗೆಲುವು. ಆದರೆ ಪ್ರಾಚೀನ ಒಲಿಂಪಿಕ್ಸಿಗೆ ಊರಿಂದೂರಿಗೆ ಜ್ಯೋತಿ ಒಯ್ಯುವ ಪದ್ಧತಿ ಇರಲಿಲ್ಲ.

ಅದು ಶುರುವಾದದ್ದು 1936ರಲ್ಲಿ, ಬರ್ಲಿನ್ ಕ್ರೀಡೆಗಳಿಗೆ. ಯೋಜನೆ ಕಾರ್ಲ್ ಡೀಮ್ ಎಂಬ ಜರ್ಮನ್ ಸಂಘಟಕನದು, ಆಳ್ವಿಕೆ ಹಿಟ್ಲರನದು. ಜುಲೈ 20ರಂದು ಒಲಿಂಪಿಯಾದಿಂದ ಹೊರಟ ಜ್ಯೋತಿ, ಮೂರು ಸಾವಿರಕ್ಕೂ ಹೆಚ್ಚು ಓಟಗಾರರ ಕೈಯಿಂದ ಕೈಗೆ ದಾಟುತ್ತಾ, ಏಳು ದೇಶಗಳಲ್ಲಿ ಹಾದು ಬರ್ಲಿನ್ ಸೇರಿತು. ಅದು ಹಾದುಹೋದ ಗ್ರೀಸ್, ಯುಗೊಸ್ಲಾವಿಯಾ, ಆಸ್ಟ್ರಿಯಾ, ಜೆಕೊಸ್ಲೊವಾಕಿಯಾಗಳನ್ನು ಐದೇ ವರ್ಷಗಳೊಳಗೆ ಹಿಟ್ಲರನ ಸೈನ್ಯ ಆಕ್ರಮಿಸಿತು. ಶಾಂತಿಯ ಹೆಸರಿನ ಜ್ಯೋತಿ ಎಂಥವರ ಕೈಗೆ ಸಿಕ್ಕಿತ್ತು ನೋಡಿ!

ಯುದ್ಧ ಮುಗಿದ ಮೇಲೆ, 1948ರ ಲಂಡನ್ ಕ್ರೀಡೆಗಳಿಗೆ ಜ್ಯೋತಿಯೊಂದಿಗೆ ಮೊದಲು ಓಡಿದವನು ಡಿಮಿಟ್ರೆಲಿಸ್ ಎಂಬ ಗ್ರೀಕ್ ಸೈನಿಕ. ಆತ ಮೊದಲು ಆಯುಧವನ್ನು ಕೆಳಗಿಟ್ಟ, ಸೈನಿಕನ ಉಡುಪನ್ನು ಕಳಚಿದ, ಆಮೇಲೆ ಪಂಜು ಹಿಡಿದ. ಈ ಪದ್ಧತಿಗೆ ನಿಜವಾದ ಅರ್ಥ ಬಂದದ್ದು ಅಂದೇ ಎನ್ನಬಹುದು.

ನೋಡುವುದಕ್ಕೂ ಅಪ್ಪಣೆ ಇರಲಿಲ್ಲ

ಈಗ ಹೆಂಗಸರ ಮಾತಿಗೆ ಬರೋಣ. ಪ್ರಾಚೀನ ಒಲಿಂಪಿಕ್ಸನ್ನು ಮದುವೆಯಾದ ಹೆಂಗಸರು ನೋಡುವಂತೆಯೂ ಇರಲಿಲ್ಲ. ಸಿಕ್ಕಿಬಿದ್ದವರನ್ನು ಬೆಟ್ಟದ ತುದಿಯಿಂದ ತಳ್ಳಬೇಕೆಂಬ ಕಟ್ಟಳೆ. ಡಿಮೀಟರ್ ದೇವತೆಯ ಅರ್ಚಕಿಗೆ ಮಾತ್ರ ವಿನಾಯಿತಿ. ಪಾಸೇನಿಯಸ್ ಎಂಬ ಗ್ರೀಕ್ ಪ್ರವಾಸಿ ಒಬ್ಬ ತಾಯಿಯ ಕಥೆ ಬರೆದಿಟ್ಟಿದ್ದಾನೆ. ಕಲ್ಲಿಪಟೈರಾ ಎಂಬ ವಿಧವೆ, ಮಗನ ಪಂದ್ಯ ನೋಡಲು ತರಬೇತುಗಾರನ ವೇಷದಲ್ಲಿ ಒಳಗೆ ಬಂದಳಂತೆ. ಮಗ ಗೆದ್ದಾಗ ತಡೆಯಲಾರದೆ ಬೇಲಿ ಹಾರಿದಳು. ವೇಷ ಬಯಲಾಯಿತು. ಅವಳ ತಂದೆ, ಅಣ್ಣತಮ್ಮಂದಿರು, ಮಗ ಎಲ್ಲರೂ ಒಲಿಂಪಿಕ್ ವಿಜೇತರೆಂಬ ಗೌರವಕ್ಕೆ ಅವಳನ್ನು ಕ್ಷಮಿಸಿದರು. ಆದರೆ ಅಂದಿನಿಂದ ತರಬೇತುಗಾರರೂ ಬಟ್ಟೆಯಿಲ್ಲದೆ ಬರಬೇಕೆಂದು ನಿಯಮ ಮಾಡಿದರು!

ಹೆಣ್ಣುಮಕ್ಕಳು ಓಡುತ್ತಲೇ ಇರಲಿಲ್ಲವೇ ಅಂತೀರಾ? ಓಡುತ್ತಿದ್ದರು, ಅದೇ ಒಲಿಂಪಿಯಾದಲ್ಲಿ. ಹೇರಾ ದೇವಿಯ ಹೆಸರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಕನ್ಯೆಯರ ಓಟ ನಡೆಯುತ್ತಿತ್ತು. ಹದಿನಾರು ಮಂದಿ ಹೆಂಗಸರು ದೇವಿಗೆ ವಸ್ತ್ರ ನೇಯ್ದು, ಓಟವನ್ನೂ ತಾವೇ ನಡೆಸುತ್ತಿದ್ದರು. ಗೆದ್ದವಳಿಗೆ ಆಲಿವ್ ಎಲೆಯ ಕಿರೀಟ. ಹುಡುಗಿಯರೆಂದು ಓಟದ ದೂರವನ್ನು ಮಾತ್ರ ಆರನೇ ಒಂದು ಪಾಲು ಕಡಿಮೆ ಮಾಡಿದ್ದರು.

ಈ ‘ಪಾಪ, ಹುಡುಗಿಯರು’ ಎಂಬ ಮಾತು ನಮ್ಮ ಕಾಲದವರೆಗೂ ಬಂದಿದೆ. ಆಧುನಿಕ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಜ್ಯೋತಿ ಉರಿದದ್ದು 1928ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಹೆಂಗಸರಿಗೆ ಓಟದಲ್ಲಿ ಮೊದಲು ಅವಕಾಶ ಸಿಕ್ಕಿದ್ದೂ ಅಲ್ಲೇ. ಆದರೆ 800 ಮೀಟರ್ ಓಡಿದವರು ಸುಸ್ತಾದರೆಂದು ಪತ್ರಿಕೆಗಳು ಬೊಬ್ಬೆ ಹಾಕಿದವು. ಗಂಡಸರು ಓಡಿ ಸುಸ್ತಾಗುವುದಿಲ್ಲವೇ? ಯಾರೂ ಕೇಳಲಿಲ್ಲ. ಹೆಂಗಸರ ಆ ಓಟ ಮತ್ತೆ ಬಂದದ್ದು 1960ರಲ್ಲಿ.

ಹೊತ್ತಿಸಿದವಳು, ಒಯ್ದವಳು

1936ರಲ್ಲಿ ಒಲಿಂಪಿಯಾದಲ್ಲಿ ಪ್ರಧಾನ ಅರ್ಚಕಿಯಾಗಿ ಜ್ಯೋತಿ ಹೊತ್ತಿಸಿದವರು ಕೂಲಾ ಪ್ರಾಟ್ಸಿಕಾ ಎಂಬ ನೃತ್ಯಗಾರ್ತಿ. ಮೊದಲ ಪಂಜು ಹಿಡಿದು ಓಡಿದವನು ಕೊಂಡಿಲಿಸ್ ಎಂಬ ಯುವಕ. ಅಂದಿನಿಂದ ಇದೇ ನಡೆದುಬಂತು. ಹೊತ್ತಿಸಲು ಹೆಣ್ಣು, ಮೊದಲು ಓಡಲು ಗಂಡು.

ಕ್ರೀಡಾಂಗಣದ ದೊಡ್ಡ ಜ್ಯೋತಿಯನ್ನು ಹೆಣ್ಣಿನ ಕೈ ಬೆಳಗಲು 32 ವರ್ಷ ಬೇಕಾಯಿತು. 1968ರಲ್ಲಿ ಮೆಕ್ಸಿಕೊದಲ್ಲಿ ಎನ್ರಿಕೆಟಾ ಬಾಸಿಲಿಯೊ ಎಂಬ ಇಪ್ಪತ್ತರ ಹರೆಯದ ಹರ್ಡಲ್ಸ್ ಓಟಗಾರ್ತಿ ಉದ್ದನೆಯ ಮೆಟ್ಟಿಲು ಹತ್ತಿ ಅದನ್ನು ಬೆಳಗಿದಳು. ಹೆಂಗಸರು ಒಲಿಂಪಿಕ್ಸಿಗೆ ಕಾಲಿಟ್ಟು ನೂರು ವರ್ಷ ತುಂಬಿದ 2000ದಲ್ಲಿ, ಸಿಡ್ನಿ ಕ್ರೀಡಾಂಗಣದೊಳಗೆ ಕೊನೆಯ ಸರದಿಯಲ್ಲಿ ಪಂಜು ಒಯ್ದವರು ಹೆಂಗಸರೇ. ಅವರಲ್ಲಿ ಮೊದಲಿಗಳು ಬೆಟ್ಟಿ ಕತ್‌ಬರ್ಟ್. ಒಂದು ಕಾಲದ ಚಿನ್ನದ ಓಟಗಾರ್ತಿ, ಅಂದು ಕಾಯಿಲೆಯಿಂದ ಗಾಲಿಕುರ್ಚಿಯಲ್ಲಿ ಕುಳಿತಿದ್ದಳು. ಕೊನೆಯವಳು ಮೂಲನಿವಾಸಿ ಕುಲದ ಕ್ಯಾಥಿ ಫ್ರೀಮನ್. ಕೆಲವೇ ದಿನಗಳಲ್ಲಿ ಅದೇ ಕ್ರೀಡಾಂಗಣದಲ್ಲಿ ಅವಳು 400 ಮೀಟರ್ ಓಟದ ಚಿನ್ನವನ್ನೂ ಗೆದ್ದಳು.

ಒಲಿಂಪಿಯಾದಲ್ಲಿ ಮೊದಲ ಪಂಜು ಮಾತ್ರ ಇನ್ನೂ ಗಂಡಸಿನದೇ ಆಗಿತ್ತು. ಅದು ಹೆಣ್ಣಿಗೆ ಸಿಕ್ಕಿದ್ದು 84 ವರ್ಷಗಳ ಮೇಲೆ. 2020ರ ಮಾರ್ಚ್ 12ರಂದು ಅರ್ಚಕಿಯ ಕೈಯಿಂದ ಗ್ರೀಸಿನ ಗುರಿಕಾರ್ತಿ ಅನಾ ಕೊರಕಾಕಿ ಪಂಜು ಪಡೆದಳು. ಅವಳಿಂದ ಅದನ್ನು ತೆಗೆದುಕೊಂಡವಳು 2004ರ ಮ್ಯಾರಥಾನ್ ವಿಜೇತೆ, ಜಪಾನಿನ ಮಿಜುಕಿ ನೊಗುಚಿ. 800 ಮೀಟರೇ ಹೆಚ್ಚಾಯಿತು ಅಂದವರಿಗೆ 42 ಕಿಲೋಮೀಟರ್ ಓಡಿದವಳ ಉತ್ತರ! ಕೊರೊನಾ ಕಾರಣದಿಂದ ಅಂದು ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಚಪ್ಪಾಳೆ ತಟ್ಟಲು ಜನವಿಲ್ಲದ ದಿನವೇ ಆ ಬಾಗಿಲು ತೆರೆಯಿತು.

ಬೇಡ ಎನ್ನುವ ಹಕ್ಕು

ಪಂಜು ಹಿಡಿಯುವ ಹಕ್ಕಿನ ಜೊತೆಗೆ ಬೇಡ ಎನ್ನುವ ಹಕ್ಕೂ ಇರಬೇಕು. 2008ರ ಏಪ್ರಿಲ್‌ನಲ್ಲಿ ಬೀಜಿಂಗ್ ಕ್ರೀಡೆಗಳ ಜ್ಯೋತಿ ದೆಹಲಿಗೆ ಬಂದಾಗ, ಟಿಬೆಟಿನವರ ಪ್ರತಿಭಟನೆಯ ಭಯಕ್ಕೆ ದಾರಿಯುದ್ದಕ್ಕೂ ಪೊಲೀಸರ ಕೋಟೆ ಕಟ್ಟಿದ್ದರು. ಅಂಥ ಕಾವಲಿನ ನಡುವೆ ತಾನು ಓಡುವುದಿಲ್ಲವೆಂದು ಕಿರಣ್ ಬೇಡಿ ಪಂಜನ್ನು ನಿರಾಕರಿಸಿದರು. ಜ್ಯೋತಿ ಜನರ ನಡುವೆ ಹೋಗಬೇಕು ಎನ್ನುವವರಿಗೆ ಅವರ ಮಾತು ಸರಿ ಅನ್ನಿಸಿತು.

ಬೆಂಕಿಗೆ ತನ್ನದೇ ಅರ್ಥವೆಂಬುದಿಲ್ಲ. ಹಿಟ್ಲರನ ಮೆರವಣಿಗೆಯಲ್ಲೂ ಅದು ಉರಿಯಿತು, ಆಯುಧ ಕೆಳಗಿಟ್ಟ ಸೈನಿಕನ ಕೈಯಲ್ಲೂ ಉರಿಯಿತು. ಅರ್ಥ ಕೊಡುವುದು ಹಿಡಿದ ಕೈ. ಮುಂದಿನ ಸಲ ಪತ್ರಿಕೆಯಲ್ಲಿ ಆ ಚಿತ್ರ ಬಂದಾಗ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿ. ಹೊತ್ತಿಸುವವಳನ್ನು ನೋಡಿದ ಮೇಲೆ, ಅವಳ ಕೈಯಿಂದ ಪಂಜು ತೆಗೆದುಕೊಳ್ಳುವವರು ಯಾರೆಂಬುದನ್ನೂ ನೋಡಲು ಹೇಳಿ. ಮಗಳಿಗೆ ಮಾತ್ರವಲ್ಲ, ಮಗನಿಗೂ.